ಮಗುವಿಗೆ ಕಿವಿಯೂ ಮಂದ, ಬೆಳವಣಿಗೆಯೂ ನಿಧಾನ: ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕು?

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಕತ್ತು ನಿಂತದ್ದು ತಡ, ಕೂತದ್ದು ತಡ, ನಡೆದದ್ದು ಇನ್ನೂ ತಡ. ಮೊದಲ ಎರಡು ವರ್ಷ ಹೋದಲ್ಲೆಲ್ಲ ಒಂದೊಂದು ಪಟ್ಟಿ ಕೈಗೆ ಬರುತ್ತಿತ್ತು. ಕೇಳುವಿಕೆ ಪರೀಕ್ಷಿಸುವ ಆಡಿಯಾಲಜಿಸ್ಟ್ ಕೊಟ್ಟದ್ದು ಒಂದು, ಫಿಸಿಯೋಥೆರಪಿಯವರದ್ದು ಒಂದು, ಸ್ಪೀಚ್ ಥೆರಪಿಯವರದ್ದು ಇನ್ನೊಂದು. ಎಲ್ಲ ಕೂಡಿಸಿದರೆ ದಿನದ 24 ಗಂಟೆಯೂ ಸಾಲದು. ಯಾವ ಪಟ್ಟಿಯೂ ತಪ್ಪಾಗಿರಲಿಲ್ಲ. ಆದರೆ ಯಾವುದು ಮೊದಲು, ಯಾವುದನ್ನು ಇವತ್ತು ಬಿಟ್ಟರೂ ನಡೆಯುತ್ತದೆ ಅಂತ ಯಾರೂ ಹೇಳಲಿಲ್ಲ.

ಇಷ್ಟು ದಿನದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಇದು: ಮೊದಲು ಸದ್ದು ಮಗುವನ್ನು ತಲುಪಬೇಕು, ಆಮೇಲೆ ಉತ್ತರ ಕೊಡೋಕೆ ಮಗುವಿಗೆ ಸಮಯ ಸಿಗಬೇಕು. ಉಳಿದ ಎಲ್ಲ ಥೆರಪಿಯೂ ಇವೆರಡರ ಮೇಲೆ ನಿಂತಿದೆ. ಶ್ರವಣದೋಷ ಇರುವ ಮಕ್ಕಳಲ್ಲಿ ಸುಮಾರು ಶೇ. 40ರಷ್ಟು ಮಕ್ಕಳಿಗೆ ಜೊತೆಗೆ ಇನ್ನೊಂದು ತೊಂದರೆಯೂ ಇರುತ್ತದೆ. ಅಂದರೆ ನೀವು ಒಂಟಿಯಲ್ಲ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ.

ಹಂತ 1: ಕೇಳಿಸದೇ ಇರೋದು ಯಾವುದು, ನಿಧಾನ ಯಾವುದು ಅಂತ ಬಿಡಿಸಿ ನೋಡಿ

ಬೆಳವಣಿಗೆ ನಿಧಾನ ಇರುವ ಮಗು ಕರೆದಾಗ ತಿರುಗದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅವಳು ಎಲ್ಲದರಲ್ಲೂ ನಿಧಾನ ಅಲ್ವಾ, ಸ್ವಲ್ಪ ಕಾಯಿರಿ." ನಮಗೆ ಒಬ್ಬ ವೈದ್ಯರೂ ಹಾಗೇ ಹೇಳಿದರು. ನಾವು ಏಳು ತಿಂಗಳು ಕಾದೆವು. ಆ ಏಳು ತಿಂಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಶ್ರವಣದೋಷ ಪತ್ತೆಯಾದ ಮೇಲೆ ನಡೆಯದಿದ್ದರೂ ಅದೇ ಕಾರಣ, ಕಣ್ಣಿಗೆ ಕಣ್ಣು ಕೊಡದಿದ್ದರೂ ಅದೇ ಕಾರಣ ಅಂತ ಎಲ್ಲವನ್ನೂ ಕಿವಿಯ ತಲೆಗೆ ಕಟ್ಟುತ್ತಾರೆ. ಎರಡೂ ದಾರಿಯಲ್ಲಿ ಮಗುವಿನ ಸಮಯವೇ ಹೋಗೋದು.

ಮನೆಯಲ್ಲಿ ಚಪ್ಪಾಳೆ ತಟ್ಟಿ, ಪಾತ್ರೆ ಬಡಿದು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಬಾಗಿಲು ಬಡಿದರೆ ನೆಲ ಅದುರುತ್ತದೆ, ಗಾಳಿ ಮುಖಕ್ಕೆ ಬಡಿಯುತ್ತದೆ, ನೆರಳು ಸರಿಯುತ್ತದೆ. ಮಗು ತಿರುಗಿದ್ದು ಅದಕ್ಕೇ ಇರಬಹುದು. ಮಗುವಿನ ಉತ್ತರವನ್ನೇ ಕಾಯದ ಪರೀಕ್ಷೆಗಳಿವೆ. ಓಎಇ ಪರೀಕ್ಷೆಯಲ್ಲಿ ಒಳಕಿವಿ ತಾನೇ ಹೊರಗೆ ಕಳಿಸುವ ಸಣ್ಣ ಪ್ರತಿಧ್ವನಿಯನ್ನು ಅಳೆಯುತ್ತಾರೆ. ಬೇರಾ ಪರೀಕ್ಷೆಯಲ್ಲಿ ಮಗು ಮಲಗಿರುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಸದ್ದು ನರದ ದಾರಿಯಲ್ಲಿ ಮೆದುಳಿನ ಕಡೆಗೆ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಎರಡನ್ನೂ ಕೇಳಿ ಮಾಡಿಸಿ. ಕೆಲವು ಮಕ್ಕಳಲ್ಲಿ ಓಎಇ ಸರಿ ಬರುತ್ತದೆ, ಬೇರಾ ಸರಿ ಬರೋದಿಲ್ಲ. ಅವರಿಗೆ ತೊಂದರೆ ಇರೋದು ಸದ್ದು ನರದಲ್ಲಿ ಸಾಗುವ ರೀತಿಯಲ್ಲಿ. ಒಂದೇ ಪರೀಕ್ಷೆ ಮಾಡಿದರೆ ಅದು ತಪ್ಪಿಹೋಗುತ್ತದೆ.

ಹುಟ್ಟಿದ 1 ತಿಂಗಳೊಳಗೆ ಮೊದಲ ತಪಾಸಣೆ, 3 ತಿಂಗಳೊಳಗೆ ಪೂರ್ತಿ ಪರೀಕ್ಷೆ, 6 ತಿಂಗಳೊಳಗೆ ಸಹಾಯ ಶುರು ಆಗಬೇಕು ಅನ್ನೋದು ತಜ್ಞರು ಒಪ್ಪಿಕೊಂಡಿರುವ ಲೆಕ್ಕ. ಆ ಗಡುವು ದಾಟಿದ್ದರೆ ಕೈಚೆಲ್ಲಬೇಡಿ. ಇವತ್ತೇ ಹೊರಡಿ.

ಒಂದು ಸಲ ಪರೀಕ್ಷೆ ಮಾಡಿಸಿದರೆ ಮುಗಿಯೋದಿಲ್ಲ. ಗರ್ಭದಲ್ಲಿದ್ದಾಗ ಸಿಎಂವಿ ವೈರಸ್ ತಗುಲಿದ್ದರೆ, ಇನ್ನು ಕೆಲವು ಕಾರಣಗಳಿದ್ದರೂ, ಕೇಳುವಿಕೆ ದಿನ ಕಳೆದ ಹಾಗೆ ಇನ್ನಷ್ಟು ಇಳಿಯಬಹುದು. ಜೊತೆಗೆ ನೆಗಡಿಯಾದಾಗ ಕಿವಿಪರದೆಯ ಹಿಂದೆ ನೀರು ತುಂಬಿ, ಇರುವ ದೋಷದ ಮೇಲೆ ಇನ್ನೊಂದು ಪದರ ಕೂರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಮಗು ಇದ್ದಕ್ಕಿದ್ದಂತೆ ಮಂಕಾದರೆ ಕಿವಿಯ ಒತ್ತಡ ನೋಡುವ ಟಿಂಪನೋಮೆಟ್ರಿ ಮಾಡಿಸಿ. ಕೆಲವೇ ನಿಮಿಷದ ಕೆಲಸ.

ಇನ್ನೆರಡು ವಿಷಯ ನೀವೇ ಬಾಯಿಬಿಟ್ಟು ಕೇಳಬೇಕು. ಮೊದಲನೆಯದು ಕಣ್ಣು. ಕಿವಿ ಮಂದ ಇರುವ ಮಗುವಿಗೆ ಕಣ್ಣೇ ಎರಡನೇ ಕಿವಿ, ಅದನ್ನು ಪೂರ್ತಿ ತಪಾಸಣೆ ಮಾಡಿಸಿ. ಎರಡನೆಯದು ಸಮತೋಲನ. ದೇಹದ ಸಮತೋಲನ ಕಾಯುವ ಅಂಗ ಇರೋದೂ ಒಳಕಿವಿಯಲ್ಲೇ. ಕತ್ತು ನಿಲ್ಲೋದು, ಕೂರೋದು, ನಡೆಯೋದು ತಡವಾದದ್ದಕ್ಕೆ ಅದೂ ಒಂದು ಕಾರಣ ಆಗಿರಬಹುದು. ಇದನ್ನು ನಮಗೆ ಹೇಳಿದ್ದು ಮೂರನೇ ವರ್ಷದಲ್ಲಿ. ಗೊತ್ತಾದ ಮೇಲೆ ಫಿಸಿಯೋಥೆರಪಿಸ್ಟ್ ವ್ಯಾಯಾಮವನ್ನೇ ಬದಲಿಸಿದರು. ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ, ಎರಡು ವರ್ಷದವರೆಗೆ ಹುಟ್ಟಬೇಕಿದ್ದ ದಿನದಿಂದಲೇ ವಯಸ್ಸು ಎಣಿಸಿ.

ಹಂತ 2: ಬೆಳಿಗ್ಗೆ ಎದ್ದ ಕೂಡಲೇ ಕಿವಿ

ಮಗು ಎಚ್ಚರವಾಗಿರುವಷ್ಟು ಹೊತ್ತೂ ಹಿಯರಿಂಗ್ ಏಡ್ ಕಿವಿಯಲ್ಲಿರಬೇಕು. ಗುರಿ ಇದೇ. ಆದರೆ ಮೊದಲ ವಾರಗಳಲ್ಲಿ ಐದು ನಿಮಿಷ ಉಳಿದರೂ ದೊಡ್ಡದು. ನನ್ನ ಮಗಳು ಹಾಕಿದ ಕೂಡಲೇ ಕಿತ್ತು ಬಾಯಿಗೆ ಹಾಕುತ್ತಿದ್ದಳು. ನಾವು ಆಗ ಕಲಿತದ್ದು: ಕಿತ್ತಾಗ ಮುಖ ಸಿಂಡರಿಸಬಾರದು, ಕಿರುಚಬಾರದು, ಅದನ್ನು ಆಟ ಮಾಡಬಾರದು. ಸುಮ್ನೆ ತೆಗೆದುಕೊಂಡು, ಒರೆಸಿ, ಅವಳ ಎರಡೂ ಕೈಗೆ ಏನಾದರೂ ಕೊಟ್ಟು, ಮತ್ತೆ ಹಾಕಬೇಕು. ದಿನಕ್ಕೆ ಮೂವತ್ತು ಸಲ ಆದರೂ ಸರಿ. ತೆಳು ಹತ್ತಿಯ ಟೋಪಿ, ಬಟ್ಟೆಗೆ ಸಿಕ್ಕಿಸುವ ದಾರದ ಕ್ಲಿಪ್, ಚರ್ಮಕ್ಕೆ ಹೊಂದುವ ಎರಡು ಬದಿಯ ಟೇಪ್, ಮೂರೂ ನೆರವಾಗುತ್ತವೆ. ನಮಗೆ ಜಾಸ್ತಿ ಉಪಯೋಗವಾದದ್ದು ಟೋಪಿ.

ಆದರೆ ಒಂದು ಮಾತು. ಮೊದಲು ಆರಾಮಾಗಿ ಹಾಕಿಸಿಕೊಳ್ಳುತ್ತಿದ್ದ ಮಗು ಈಗ ಬೇಡ ಅಂದರೆ ಹಠ ಅಂದುಕೊಳ್ಳುವ ಮೊದಲು ಕಿವಿಯೊಳಗೆ ನೋಡಿ. ಮೋಲ್ಡ್ (ಕಿವಿಯ ಅಳತೆಗೆ ಮಾಡಿಸಿ ಏಡ್‌ಗೆ ಜೋಡಿಸುವ, ಕಿವಿಯೊಳಗೆ ಕೂರುವ ಭಾಗ) ಬಿಗಿಯಾಗಿ ಚರ್ಮ ಕೆಂಪಾಗಿರಬಹುದು, ಕಿವಿ ಸೋರುತ್ತಿರಬಹುದು, ಸದ್ದು ಜಾಸ್ತಿ ಇಟ್ಟಿರಬಹುದು. ಮಾತು ಬಾರದ ಮಗುವಿಗೆ "ನೋಯುತ್ತದೆ" ಅಂತ ಹೇಳೋಕೆ ಕೀಳುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಕೂಸಿನ ಕಿವಿ ಬೇಗ ಬೇಗ ಬೆಳೆಯುತ್ತದೆ. ಮೊದಲ ವರ್ಷದಲ್ಲಿ ಕೆಲವು ವಾರ ಅಥವಾ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕಾಗಬಹುದು. ಏಡ್ ಕುಂಯ್ ಅಂತ ಕೂಗುತ್ತಿದ್ದರೆ ಸದ್ದು ಸಂದಿಯಿಂದ ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗುತ್ತಿದೆ ಅಂತ ಅರ್ಥ. ಮಗುವಿನ ತಲೆ ದಿಂಬಿಗೋ ನಿಮ್ಮ ಭುಜಕ್ಕೋ ಒತ್ತಿದಾಗಲೂ ಕೂಗುತ್ತದೆ. ಕತ್ತು ಇನ್ನೂ ಗಟ್ಟಿಯಾಗದ ಮಗುವಿನಲ್ಲಿ ಇದು ದಿನವಿಡೀ ಇರುತ್ತದೆ. ಹಾಗಂತ ಏಡ್ ತೆಗೆದಿಡಬೇಡಿ. ತಲೆಯ ಹಿಂಭಾಗಕ್ಕೆ ಆಸರೆ ಕೊಟ್ಟು ಕಿವಿಯ ಪಕ್ಕ ಖಾಲಿ ಬಿಡುವ ಹಾಗೆ ಕೂರಿಸೋದು ಹೇಗೆ ಅಂತ ಥೆರಪಿಸ್ಟನ್ನು ಕೇಳಿ.

ಹಾಕುವ ಮುಂಚೆ ನೀವೇ ಒಂದು ಸಲ ಕೇಳಿ ನೋಡಿ. ಅದಕ್ಕೆಂದೇ ಸ್ಟೆಥೋಸ್ಕೋಪ್ ಥರದ ಒಂದು ಕೊಳವೆ ಸಿಗುತ್ತದೆ. ಆಮೇಲೆ ಕಿವಿಗೆ ಹಾಕಿ, ಬಾಯಿ ಮಗುವಿಗೆ ಕಾಣದ ಹಾಗೆ ಹಿಂದೆ ಅಥವಾ ಪಕ್ಕ ಕೂತು ಆರು ಸದ್ದು ಮಾಡಿ: ಆ, ಊ, ಈ, ಮ್, ಶ್, ಸ್. ಇದನ್ನು ಲಿಂಗ್ (Ling) ಅನ್ನುವ ತಜ್ಞರ ಹೆಸರಿನಲ್ಲಿ ಲಿಂಗ್ ಪರೀಕ್ಷೆ ಅನ್ನುತ್ತಾರೆ. ದಪ್ಪ ಸದ್ದಿನಿಂದ ತೆಳು ಸದ್ದಿನವರೆಗೆ ಮಾತಿನ ಎಲ್ಲ ಎತ್ತರಗಳೂ ಈ ಆರರಲ್ಲಿ ಬರುತ್ತವೆ. ಸಾಮಾನ್ಯ ಮಗು ಸದ್ದು ಕೇಳಿದಾಗ ಆಟಿಕೆಯನ್ನು ಡಬ್ಬಕ್ಕೆ ಹಾಕಿ ಉತ್ತರ ಕೊಡುತ್ತದೆ. ನಮ್ಮ ಮಕ್ಕಳಿಂದ ಅದನ್ನು ಕಾಯಬೇಡಿ. ಕಣ್ಣು ಅಗಲವಾಗೋದು, ಚೀಪುವುದು ನಿಲ್ಲೋದು, ಕೈ ಗಾಳಿಯಲ್ಲೇ ಉಳಿಯೋದು, ಮೈ ಸ್ತಬ್ಧವಾಗೋದು, ಎಲ್ಲವೂ ಉತ್ತರವೇ. ನನ್ನ ಮಗಳ ಉತ್ತರ ಅಂದರೆ ಉಸಿರು ಒಂದು ಕ್ಷಣ ಹಿಡಿಯೋದು. ಅದು ಮೂರು ತಿಂಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಿನ್ನೆ "ಸ್" ಕೇಳಿದ ಮಗು ಇವತ್ತು ಕೇಳದಿದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಏಡ್‌ನಿಂದ ಮೋಲ್ಡಿಗೆ ಹೋಗುವ ಕೊಳವೆಯಲ್ಲಿ ನೀರು ಕಟ್ಟಿದೆಯಾ ನೋಡಿ, ಆಮೇಲೆ ಮೋಲ್ಡಿನಲ್ಲಿ ಗುಗ್ಗೆ ಇದೆಯಾ ನೋಡಿ.

ಬ್ಯಾಟರಿ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬೇಡ. ಮಗುವಿನ ಏಡ್‌ಗೆ ಬೀಗ ಇರುವ ಬ್ಯಾಟರಿ ಬಾಗಿಲನ್ನೇ ಕೇಳಿ ಪಡೆಯಿರಿ. ಗುಂಡಿ ಬ್ಯಾಟರಿ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ಬೆಳವಣಿಗೆ ನಿಧಾನ ಇರುವ ಮಕ್ಕಳು ವಸ್ತುಗಳನ್ನು ಬಾಯಿಗೆ ಹಾಕೋದನ್ನು ಬೇಗ ಬಿಡೋದಿಲ್ಲ, ಹಾಗಾಗಿ ನಾಲ್ಕು ವರ್ಷ ಆಯ್ತು ಅಂತ ಮೈಮರೆಯಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ತುರ್ತು ಚಿಕಿತ್ಸೆಗೆ ಓಡಿ. ಮೂಗಿನಲ್ಲೋ ಕಿವಿಯಲ್ಲೋ ತುರುಕಿಕೊಂಡಿದ್ದರೂ ಅಷ್ಟೇ.

ಹಂತ 3: ಹತ್ತಿರ ಬನ್ನಿ, ಮನೆಯ ಗದ್ದಲ ಇಳಿಸಿ

ಹಿಯರಿಂಗ್ ಏಡ್ ಕನ್ನಡಕದ ಹಾಗಲ್ಲ. ಸದ್ದನ್ನು ದೊಡ್ಡದು ಮಾಡುತ್ತದೆ, ಆದರೆ ಬೇಕಾದದ್ದನ್ನು ಮಾತ್ರ ಹೆಕ್ಕಿ ಕೊಡೋದು ಅದಕ್ಕೆ ಕಷ್ಟ. ಮಿಕ್ಸಿ, ಫ್ಯಾನ್, ಟಿವಿ ಎಲ್ಲವೂ ಒಟ್ಟಿಗೆ ಕಿವಿಗೆ ನುಗ್ಗುತ್ತವೆ. ನಮ್ಮ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಇನ್ನೊಂದು ಕೋಣೆಯಿಂದ ಹತ್ತು ಸಲ ಕೂಗೋದಕ್ಕಿಂತ ಎದ್ದು ಹೋಗಿ ಪಕ್ಕದಲ್ಲಿ ಕೂತು ಒಂದು ಸಲ ಹೇಳಿ. ಕಿರುಚಿದರೆ ಸ್ವರಗಳು ಮಾತ್ರ ಜೋರಾಗುತ್ತವೆ, ವ್ಯಂಜನಗಳು ಅದರಡಿ ಮುಚ್ಚಿಹೋಗುತ್ತವೆ. ಹೇಳಿದ್ದು ಇನ್ನೂ ಕಲಸಿಹೋಗುತ್ತದೆ.

ಯಾರೂ ನೋಡದಿರುವಾಗ ಟಿವಿ ಆಫ್. ನಮ್ಮ ಮನೆಯಲ್ಲಿ ಇದೊಂದಕ್ಕೇ ಬಹಳ ದಿನ ಜಗಳ ನಡೆಯಿತು, ಆದರೂ ಬಿಡಲಿಲ್ಲ. ಮಗುವಿನ ಜೊತೆ ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ.

ಹಂತ 4: ದಿನದ ಎರಡು ಕೆಲಸ ಆರಿಸಿಕೊಳ್ಳಿ, ಅದನ್ನೇ ಥೆರಪಿ ಮಾಡಿ

ಎಲ್ಲ ಪಟ್ಟಿಯನ್ನೂ ಮಡಚಿಡಿ. ನೀವು ಹೇಗಿದ್ದರೂ ಮಾಡಲೇಬೇಕಾದ ಎರಡು ಕೆಲಸ ಆರಿಸಿ. ಬಟ್ಟೆ ಹಾಕೋದು, ಸ್ನಾನ, ಊಟ, ಮಲಗಿಸೋದು, ಯಾವುದಾದರೂ ಆಗಬಹುದು. ಪ್ರತಿದಿನ ಅದೇ ಜಾಗ, ಅದೇ ಕ್ರಮ, ಅದೇ ಮಾತು. ಕೇಳಿಸೋದು ಅರ್ಧಂಬರ್ಧ ಇದ್ದಾಗ ಮುಂದೆ ಏನು ಬರುತ್ತದೆ ಅನ್ನೋದು ಗೊತ್ತಿದ್ದರೆ ಮಗುವಿಗೆ ಅರ್ಧ ಅರ್ಥವಾದ ಹಾಗೆ.

ನಮ್ಮದು ಕಾಲುಚೀಲ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು, ಪಾದಕ್ಕೆ ಕೆಳಗೊಂದು ಪೆಟ್ಟಿಗೆ ಕೊಡುತ್ತೇನೆ. ಈ ಆಸರೆ ಬಹಳ ಮುಖ್ಯ. ಬೀಳದ ಹಾಗೆ ಕೂರೋಕೆ ಒದ್ದಾಡುವ ಮಗುವಿನ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ, ಕೇಳೋಕೆ ಏನೂ ಉಳಿಯೋದಿಲ್ಲ. ಎದುರಿಗೆ ನೆಲದ ಮೇಲೆ ಕೂತು ಕಾಲುಚೀಲವನ್ನು ನನ್ನ ಮುಖದ ಹತ್ತಿರ ಹಿಡಿಯುತ್ತೇನೆ. ಅವಳು ಅದನ್ನು ನೋಡುವವರೆಗೆ ಬಾಯಿ ತೆರೆಯೋದಿಲ್ಲ. ನೋಡಿದ ಮೇಲೆ "ಕಾಲು ಕೊಡು" ಅನ್ನುತ್ತೇನೆ, ಕೈಸನ್ನೆಯನ್ನೂ ಮಾಡುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ.

ಈ ಸುಮ್ಮನಿರೋದೇ ಕಷ್ಟದ ಕೆಲಸ. ಎರಡು ಸೆಕೆಂಡಿಗೆ ನಮಗೆ ಮತ್ತೆ ಹೇಳಬೇಕು ಅನ್ನಿಸುತ್ತದೆ, ಕಾಲು ನಾವೇ ಎತ್ತಿಬಿಡೋಣ ಅನ್ನಿಸುತ್ತದೆ. ಮತ್ತೆ ಹೇಳಿದರೆ ಅವಳು ಮೊದಲಿಂದ ಶುರು ಮಾಡಬೇಕಾಗುತ್ತದೆ. ಸದ್ದು ಹಿಡಿಯಬೇಕು, ಅರ್ಥ ಮಾಡಿಕೊಳ್ಳಬೇಕು, ಕಾಲಿಗೆ ಹೇಳಬೇಕು, ಕಾಲು ಮಾತು ಕೇಳಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ. ಸ್ಪೀಚ್ ಥೆರಪಿಸ್ಟ್ ಹೇಳಿದ ಈ ಲೆಕ್ಕವನ್ನು ನಾನು ಮೊದಲ ಸಲ ನಿಯತ್ತಾಗಿ ಪಾಲಿಸಿದ ದಿನ, ಏಳಕ್ಕೆ ಬಂದಾಗ ಅವಳ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಒಂಬತ್ತಕ್ಕೆ ಹಿಮ್ಮಡಿ ಪೆಟ್ಟಿಗೆಯಿಂದ ಒಂದು ಬೆರಳಷ್ಟು ಮೇಲೆ ಬಂತು. ಅಷ್ಟು ದಿನ ನಾನೇ ಆ ಕಾಲನ್ನು ಎತ್ತಿಬಿಡುತ್ತಿದ್ದೆ. ಅವಳಿಗೆ ಗೊತ್ತಿತ್ತು, ಕಾಯುವವರು ಇರಲಿಲ್ಲ.

ಹತ್ತು ಆದರೂ ಏನೂ ಬರದಿದ್ದರೆ ಇನ್ನೊಂದು ಸಲ ಹೇಳಿ, ಕಾಲನ್ನು ಮೆಲ್ಲಗೆ ಮುಟ್ಟಿ. ಮತ್ತೂ ಬರದಿದ್ದರೆ ಕೈಹಿಡಿದು ಮಾಡಿಸಿ, ನಗಿ, ಮುಂದೆ ಹೋಗಿ. ಪರೀಕ್ಷೆ ಅಲ್ಲ ಅದು. ಒಂದು ಕೆಲಸ ಕೈಗೆ ಹತ್ತಿದ ಮೇಲೆ ಮಾತನ್ನು ಸ್ವಲ್ಪ ಉದ್ದ ಮಾಡಿ: "ಇನ್ನೊಂದು ಕಾಲು ಕೊಡು."

ಹಂತ 5: ಸನ್ನೆಗೆ ಹೆದರಬೇಡಿ

ಕೈಸನ್ನೆ ಕಲಿಸಿದರೆ ಮಗು ಮಾತು ಕಲಿಯೋದಿಲ್ಲ ಅಂತ ಬಹಳ ಜನ ಹೆದರಿಸುತ್ತಾರೆ. ಸನ್ನೆ ಮಾತನ್ನು ತಡೆಯೋದಿಲ್ಲ. ಮಗುವಿಗೆ ಭಾಷೆ ಬೇಕು, ಅದು ಯಾವ ದಾರಿಯಿಂದ ಬಂದರೂ ಮೆದುಳಿಗೆ ಅದು ಭಾಷೆಯೇ. ಕಿವುಡು ಮಕ್ಕಳಲ್ಲಿ ಶೇ. 90ಕ್ಕಿಂತ ಜಾಸ್ತಿ ಮಕ್ಕಳು ಕಿವಿ ಕೇಳಿಸುವ ತಂದೆತಾಯಿಗೆ ಹುಟ್ಟುತ್ತಾರೆ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಮಗುವಿನ ಜೊತೆಗೇ ಕಲಿಯಬೇಕು. ಸನ್ನೆ ಭಾಷೆಯನ್ನೇ ದಿನವೂ ಆಡುವ ದೊಡ್ಡವರ ಪರಿಚಯ ಮಾಡಿಕೊಳ್ಳಿ. ಅವರು ಮಗುವಿನ ಗಮನ ಸೆಳೆಯುವ ರೀತಿಯನ್ನೇ ನೋಡಿ ಕಲಿಯೋದು ಬಹಳ ಇದೆ.

ನಾವು ಐದು ಸನ್ನೆಯಿಂದ ಶುರು ಮಾಡಿದೆವು: ಇನ್ನೂ ಬೇಕು, ಸಾಕು, ಎತ್ತಿಕೋ, ನೀರು, ನೋವು. ಬೆರಳು ಬಾಗದ ಮಗು ಸನ್ನೆಯನ್ನು ತನ್ನದೇ ರೀತಿ ಮಾಡುತ್ತದೆ. ನನ್ನ ಮಗಳ "ಇನ್ನೂ ಬೇಕು" ಅಂದರೆ ಮುಷ್ಟಿಗೆ ಮುಷ್ಟಿ ತಾಗಿಸೋದು. ಅವಳು ಮಾಡುವ ರೂಪವನ್ನು ಒಪ್ಪಿಕೊಳ್ಳಿ, ನೀವು ಮಾತ್ರ ಸರಿಯಾದ ರೂಪವನ್ನೇ ತೋರಿಸಿ. ಸನ್ನೆಯೂ ಇನ್ನೂ ದೂರ ಇರುವ ಮಗುವಿಗೆ ವಸ್ತುವನ್ನೇ ಕೈಗೆ ಕೊಟ್ಟು ಹೇಳಿ. ಸ್ನಾನಕ್ಕೆ ಮುಂಚೆ ಟವೆಲ್, ಹೊರಗೆ ಹೋಗುವ ಮುಂಚೆ ಚಪ್ಪಲಿ.

ಕೆಲವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸಿ, ಸದ್ದನ್ನು ನೇರ ನರಕ್ಕೆ ತಲುಪಿಸುವ ಸಾಧನ) ಸೂಚಿಸುತ್ತಾರೆ. ಬೆಳವಣಿಗೆ ನಿಧಾನ ಅನ್ನೋದೊಂದೇ ಅದಕ್ಕೆ ಅಡ್ಡಿ ಅಲ್ಲ. ಆದರೆ ನಿರೀಕ್ಷೆ ಏನು ಅನ್ನೋದನ್ನು ಆಪರೇಷನ್‌ಗೆ ಮುಂಚೆಯೇ ಮಾತಾಡಿ. ಮಾತು ಬರೋದೇ ಗುರಿಯಾ, ಸದ್ದು ತಿಳಿದು ನೆಮ್ಮದಿಯಾಗಿರೋದೂ ಗುರಿಯಾ? ಇಂಪ್ಲಾಂಟ್ ಇರುವವರಿಗೆ ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ಅದನ್ನು ತಡೆಯುವ ಲಸಿಕೆಗಳ ಬಗ್ಗೆಯೂ ಕೇಳಿ.

ಹಂತ 6: ರಂಪ ಮಾಡಿದಾಗ ನೋಡಬೇಕಾದ ಕ್ರಮ

ಮೊದಲು ಕೇಳಿಕೊಳ್ಳಿ: ಕೇಳಿಸಿತಾ? ಏಡ್ ಕಿವಿಯಲ್ಲಿದೆಯಾ, ಬ್ಯಾಟರಿ ಇದೆಯಾ? ಆಮೇಲೆ: ಅರ್ಥವಾಯಿತಾ? ಇನ್ನೊಂದು ಕೋಣೆಯಲ್ಲಿ "ಹೊರಡೋಣ" ಅಂದದ್ದು ಉಳಿದ ಮಕ್ಕಳ ಕಿವಿಗೆ ತಾನಾಗಿಯೇ ಬಿದ್ದಿರುತ್ತದೆ. ನಮ್ಮ ಮಗುವಿಗೆ ಅದು ಬಿದ್ದಿರೋದಿಲ್ಲ. ಅವಳ ಪಾಲಿಗೆ ಯಾರೋ ಇದ್ದಕ್ಕಿದ್ದಂತೆ ಹಿಂದಿನಿಂದ ಎತ್ತಿಕೊಂಡು ಹೋದ ಹಾಗೆ. ಅಳದೆ ಇನ್ನೇನು ಮಾಡಬೇಕು ಹೇಳಿ? ಕೊನೆಗೆ: ಸುಸ್ತಾ? ಗಮನ ಕೊಟ್ಟು ಕೇಳೋದು ದಣಿಸುವ ಕೆಲಸ. ಸಂಜೆ ಹೊತ್ತಿಗೆ ಅವಳ ಕಿವಿಯೂ ಕಣ್ಣೂ ಸೋತಿರುತ್ತವೆ. ಆಗ ಹೊಸದೇನೂ ಕಲಿಸಬೇಡಿ.

ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ಮುಖ ತೋರಿಸಿ ಮುಟ್ಟಿ. ಹೊರಗೆ ಕೈ ಬಿಡಬೇಡಿ, ನೀವು ಕೂಗಿ ನಿಲ್ಲಿಸೋಕೆ ಆಗೋದಿಲ್ಲ.

ಹಂತ 7: ಒಂದು ನೋಟ್‌ಬುಕ್, ಒಂದು ಗುರಿ

ಎಲ್ಲ ಥೆರಪಿಸ್ಟ್‌ಗಳಿಗೂ ಒಂದೇ ನೋಟ್‌ಬುಕ್ ಇಡಿ. ಈ ತಿಂಗಳ ಗುರಿ ಒಂದೇ ಸಾಲಿನಲ್ಲಿರಲಿ. "ಕಾಲುಚೀಲ ಹಾಕುವಾಗ ಕಾಲು ಎತ್ತೋದು" ಅಂತ ಬರೆದರೆ ಫಿಸಿಯೋಥೆರಪಿಸ್ಟ್ ಸೊಂಟದ ಬಲ ನೋಡುತ್ತಾರೆ, ಸ್ಪೀಚ್ ಥೆರಪಿಸ್ಟ್ ಮಾತು ನೋಡುತ್ತಾರೆ, ಆಡಿಯಾಲಜಿಸ್ಟ್ "ಕಾಲು" ಅನ್ನುವ ಸದ್ದು ತಲುಪುತ್ತಿದೆಯಾ ನೋಡುತ್ತಾರೆ. ಕೆಲಸ ಒಂದೇ ಆಯಿತು ಅಲ್ವಾ? ಫಿಸಿಯೋಥೆರಪಿಗೆ ಹೋಗುವಾಗಲೂ ಏಡ್ ಹಾಕಿಕೊಂಡೇ ಹೋಗಿ. ತುಂಬಾ ಜನ ಬಿದ್ದುಹೋಗುತ್ತದೆ ಅಂತ ತೆಗೆದಿಡುತ್ತಾರೆ, ಆ ಒಂದು ಗಂಟೆ ಮಗುವಿಗೆ ಯಾರ ಮಾತೂ ಇಲ್ಲ. ಎಷ್ಟು ಗಂಟೆ ಹಾಕಿತ್ತು ಅನ್ನೋದನ್ನು ಹೆಚ್ಚಿನ ಏಡ್‌ಗಳು ತಾವೇ ದಾಖಲಿಸುತ್ತವೆ. ಆಡಿಯಾಲಜಿಸ್ಟ್ ಆ ಲೆಕ್ಕ ತೋರಿಸಿದಾಗ ಕಡಿಮೆ ಬಂದರೆ ಕುಗ್ಗಬೇಡಿ. ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಅಂತ ಹುಡುಕೋಕೆ ಅದು ಒಳ್ಳೆಯ ದಾರಿ.

ದಣಿವಿನ ಬಗ್ಗೆಯೂ ಹೇಳಲೇಬೇಕು. ಏಡ್ ಹಾಕೋದು, ಆರು ಸದ್ದು ಮಾಡೋದು, ಮೋಲ್ಡ್ ತೊಳೆಯೋದು, ಇವು ತಾಯಿಗೆ ಮಾತ್ರ ಗೊತ್ತಿದ್ದರೆ ತಾಯಿ ಒಂದು ದಿನ ಮಲಗಿದರೆ ಮಗುವಿನ ಕಿವಿಯೂ ಮಲಗುತ್ತದೆ. ನನ್ನ ಗಂಡ ಮೊದಲ ತಿಂಗಳು ಮುಟ್ಟಲು ಹೆದರುತ್ತಿದ್ದರು. ಈಗ ಅವರೇ ನನಗಿಂತ ಬೇಗ ಹಾಕುತ್ತಾರೆ. ದೊಡ್ಡ ಮಗನಿಗೆ ಒಂದೇ ಕೆಲಸ ಕೊಟ್ಟಿದ್ದೇವೆ: ತಂಗಿಯ ಎದುರು ಬಂದ ಮೇಲೆ ಮಾತಾಡೋದು. ಅವನಿಗೂ ವಾರಕ್ಕೊಮ್ಮೆ, ತಂಗಿ ಇಲ್ಲದೆ, ಅಪ್ಪನೋ ಅಮ್ಮನೋ ಪೂರ್ತಿ ಸಿಗಬೇಕು.

ಹಂತ 8: ರಾತ್ರಿ

ಮಲಗುವ ಹೊತ್ತಿಗೆ ಏಡ್ ತೆಗೆದರೆ ಅವಳ ಲೋಕ ಒಮ್ಮೆಗೇ ಸ್ತಬ್ಧವಾಗುತ್ತದೆ. ಲೈಟೂ ಆರಿಸಿಬಿಟ್ಟರೆ ಉಳಿಯೋದು ಏನೂ ಇಲ್ಲ. ಅದಕ್ಕೇ ಸಣ್ಣ ದೀಪ ಇರಲಿ. ಹಾಡು, ಕಥೆ, ಹೇಳಬೇಕಾದ ಮಾತು ಎಲ್ಲವನ್ನೂ ಏಡ್ ಇರುವಾಗಲೇ ಮುಗಿಸಿ. ತೆಗೆಯುವ ಮುಂಚೆ ಕಿವಿ ಮುಟ್ಟಿ ಸನ್ನೆ ಮಾಡಿ ತಿಳಿಸಿ.

ತೆಗೆದ ಮೇಲೆ ಮೋಲ್ಡನ್ನು ಒಣ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿ, ಮಗುವಿಗೆ ಎಟುಕದ ಕಡೆ ಎತ್ತಿಡಿ. ಮೋಲ್ಡನ್ನು ನೀರಲ್ಲಿ ತೊಳೆಯುವುದಾದರೆ ಏಡ್‌ನಿಂದ ಬಿಡಿಸಿ ತೊಳೆಯಿರಿ. ಮತ್ತೆ ಸೇರಿಸುವ ಮುಂಚೆ ಕೊಳವೆಯೊಳಗಿನ ನೀರನ್ನು ಗಾಳಿ ಊದುವ ಪಂಪಿನಿಂದ ಹೊರಹಾಕಿ.

ನನ್ನ ಮಗಳು ಹೋದ ತಿಂಗಳಿಂದ ಎಡಗಿವಿಯದ್ದನ್ನು ತಾನೇ ತೆಗೆದು ನನ್ನ ಅಂಗೈಯಲ್ಲಿಡುತ್ತಾಳೆ. ಬಲಗಿವಿಯದ್ದಕ್ಕೆ ಕೈ ಇನ್ನೂ ಎಟುಕುವುದಿಲ್ಲ. ತಲೆಯನ್ನು ನನ್ನ ಕಡೆ ಓರೆ ಮಾಡಿ ಕಾಯುತ್ತಾಳೆ.